‘ಲಿಂಕ್ ಮುಟ್ಟಿದ್ರೆ ದುಡ್ಡು ಹೋಯ್ತು’: ಎಷ್ಟು ನಿಜ?

ಬೆಂಗಳೂರಿನ ವಸಂತಪುರದ ಯಾವುದೇ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗ್ರೂಪ್ ತೆರೆಯಿರಿ. ನೀರಿನ ಟ್ಯಾಂಕರ್, ಲಿಫ್ಟ್ ರಿಪೇರಿ, ವಸಂತ ವಲ್ಲಭರಾಯನ ಗುಡಿಯ ಪೂಜೆಯ ಫೋಟೊ, ಇವುಗಳ ನಡುವೆ ಒಂದು ಎಚ್ಚರಿಕೆ ಇದ್ದೇ ಇರುತ್ತದೆ: ‘ಈ ಲಿಂಕ್ ಮುಟ್ಟಬೇಡಿ, ಮುಟ್ಟಿದ ಕೂಡಲೇ ಅಕೌಂಟ್ ಖಾಲಿ. ಎಲ್ಲರಿಗೂ ಫಾರ್ವರ್ಡ್ ಮಾಡಿ.’ ಮರುದಿನ ಅದೇ ಫೋನಿಗೆ ಇನ್ನೊಂದು ಮೆಸೇಜ್ ಬರುತ್ತದೆ. ‘ನಿಮ್ಮ ಗಾಡಿ ಸಿಗ್ನಲ್ ಜಂಪ್ ಮಾಡಿದೆ, ಚಲನ್ ನೋಡಿಕೊಳ್ಳಿ’ ಅಂತ, ಜೊತೆಗೊಂದು ಫೈಲು. ಮೊದಲನೆಯದನ್ನು ಓದಿ ಹೆದರಿದವರೇ ಎರಡನೆಯದನ್ನು ಒತ್ತುತ್ತಾರೆ.

ಹೆದರಿಕೆ ಇದೆ, ಆದರೆ ಇರಬೇಕಾದ ಕಡೆ ಇಲ್ಲ. ವೈರಸ್ ಅಂದರೆ ಹೇಳದೆ ಕೇಳದೆ ನುಗ್ಗುವಂಥದ್ದು ಎಂದು ನಂಬಿದ್ದೇವೆ. ಸಾಮಾನ್ಯ ಜನರ ಫೋನಿಗೆ ಬರುವ ಕಳ್ಳ ಆ್ಯಪ್‌ಗಳು ಹಾಗೆ ನುಗ್ಗುವುದು ತೀರಾ ಕಡಿಮೆ. ಅವನ್ನು ಒಳಗೆ ಬಿಟ್ಟುಕೊಳ್ಳುವವರು ಫೋನಿನ ಯಜಮಾನರೇ, ಅದೂ ‘ಅನುಮತಿಸಿ’ ಎಂಬುದನ್ನು ಎರಡು ಮೂರು ಸಲ ಒತ್ತಿ.

‘ಲಿಂಕ್ ಮುಟ್ಟಿದರೆ ಸಾಕು, ಎಲ್ಲ ಮುಗೀತು’

ಲಿಂಕ್ ಮುಟ್ಟಿದರೆ ಒಂದು ವೆಬ್ ಪುಟ ತೆರೆದುಕೊಳ್ಳುತ್ತದೆ. ಅಪ್‌ಡೇಟ್ ಆಗಿರುವ ಫೋನಿನಲ್ಲಿ ಅಷ್ಟಕ್ಕೇ ಬ್ಯಾಂಕ್ ಖಾತೆ ಬರಿದಾಗುವುದು ತೀರಾ ಅಪರೂಪ. ಬೆರಳೇ ಸೋಕದೆ ಒಳಸೇರುವ ಪೆಗಾಸಸ್‌ನಂಥ ಗೂಢಚಾರಿ ತಂತ್ರಾಂಶ ಇರುವುದು ನಿಜ. ಅದನ್ನು ಮಾಡಿದ ಇಸ್ರೇಲಿ ಕಂಪನಿ ಮಾರುವುದು ಸರ್ಕಾರಗಳಿಗೆ, ಬೆಲೆ ಕೋಟಿಗಳಲ್ಲಿ. ಉತ್ತರಹಳ್ಳಿ ರಸ್ತೆಯ ನಿವೃತ್ತ ಮೇಷ್ಟರ ಪಿಂಚಣಿ ಹೊಡೆಯಲು ಅಷ್ಟು ಖರ್ಚು ಯಾರೂ ಮಾಡುವುದಿಲ್ಲ. ಅದಕ್ಕೆ ಒಂದು ಎಪಿಕೆ ಫೈಲು ಸಾಕು.

ಎಪಿಕೆ ಅಂದರೆ ಆಂಡ್ರಾಯ್ಡ್ ಆ್ಯಪ್‌ನ ಕಟ್ಟು. ಪ್ಲೇ ಸ್ಟೋರ್ ಹಂಗಿಲ್ಲದೆ ಅದನ್ನು ಫೋಟೊ ಕಳಿಸಿದಷ್ಟೇ ಸಲೀಸಾಗಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಬಹುದು. ಬೆಂಗಳೂರಿನಲ್ಲಿ ಇದಕ್ಕೆ ಟ್ರಾಫಿಕ್ ಚಲನ್ ಹೇಳಿ ಮಾಡಿಸಿದ ವೇಷ. ಕನಕಪುರ ರಸ್ತೆಯಲ್ಲಿ ದಿನಾ ಗಾಡಿ ಓಡಿಸುವವರಿಗೆ ಎಲ್ಲೋ ಒಂದು ಕ್ಯಾಮೆರಾ ತಮ್ಮನ್ನು ಹಿಡಿದಿರಬಹುದು ಎಂಬ ಅಳುಕು ಇದ್ದದ್ದೇ. 2023ರ ಫೆಬ್ರುವರಿಯಲ್ಲೂ 2025ರ ಆಗಸ್ಟ್–ಸೆಪ್ಟೆಂಬರ್‌ನಲ್ಲೂ ಸರ್ಕಾರ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಾಗ ಊರಿಗೆ ಊರೇ ತನ್ನ ಚಲನ್ ಹುಡುಕಿತು. ಅಂಥ ಹೊತ್ತಿಗೆ ಬಂದ ಫೈಲನ್ನು ಅನುಮಾನಿಸುವವರು ಕಡಿಮೆ.

ಆ ಫೈಲು ಒತ್ತಿದಾಗ ಏನಾಗುತ್ತದೆ ನೋಡಿ. ಮೊದಲು ಫೋನೇ ತಡೆಯುತ್ತದೆ: ಈ ಮೂಲದಿಂದ ಬಂದ ಅಪರಿಚಿತ ಆ್ಯಪ್‌ಗಳನ್ನು ಹಾಕಲು ಅವಕಾಶವಿಲ್ಲ ಎನ್ನುತ್ತದೆ. ಕೆಳಗೆ ಸೆಟ್ಟಿಂಗ್ಸ್ ಎಂಬ ಗುಂಡಿ. ಅಲ್ಲಿ ಹೋಗಿ ವಾಟ್ಸ್‌ಆ್ಯಪ್‌ಗೆ ಆ ಅವಕಾಶ ಕೊಡಬೇಕು. ವಾಪಸ್ ಬಂದು ಇನ್‌ಸ್ಟಾಲ್ ಒತ್ತಬೇಕು. ಆಮೇಲೆ ಆ್ಯಪ್ ಎಸ್‌ಎಂಎಸ್ ಓದಲು, ಕರೆಗಳನ್ನು ನೋಡಿಕೊಳ್ಳಲು, ಸಂಪರ್ಕ ಪಟ್ಟಿ ತೆರೆಯಲು ಒಂದೊಂದೇ ಅನುಮತಿ ಕೇಳುತ್ತದೆ. ದಂಡದ ರಸೀದಿ ತೋರಿಸಲು ನಮ್ಮ ಎಸ್‌ಎಂಎಸ್ ಯಾಕೆ ಬೇಕು ಎಂಬ ಪ್ರಶ್ನೆ ಆ ಅವಸರದಲ್ಲಿ ಹೊಳೆಯುವುದಿಲ್ಲ. ಅನುಮತಿ ಸಿಕ್ಕಿದ ಮೇಲೆ ಎಷ್ಟೋ ಸಲ ಐಕಾನ್ ಮಾಯವಾಗುತ್ತದೆ. ‘ಏನೂ ಓಪನ್ ಆಗ್ಲಿಲ್ಲ’ ಎಂದು ಮೇಷ್ಟರು ಫೋನ್ ಪಕ್ಕಕ್ಕಿಟ್ಟು ಕಾಫಿಗೆ ಏಳುತ್ತಾರೆ. ಒಳಗಿರುವ ಆ್ಯಪ್ ಬರುವ ಪ್ರತಿ ಒಟಿಪಿಯನ್ನೂ ಓದಿ ತನ್ನ ಒಡೆಯನಿಗೆ ದಾಟಿಸುತ್ತಿರುತ್ತದೆ.

ಬೆಂಗಳೂರಿನ ಸೈಬರ್ ಭದ್ರತಾ ಕಂಪನಿ ಕ್ಲೌಡ್‌ಸೆಕ್ 2024ರ ಜುಲೈನಲ್ಲಿ ಇಂಥದ್ದೊಂದು ಜಾಲವನ್ನು ಬಯಲಿಗೆಳೆಯಿತು. ನಕಲಿ ಚಲನ್ ಆ್ಯಪ್ ಹಂಚುತ್ತಿದ್ದವರು ವಿಯೆಟ್ನಾಂನವರು, 4,400ಕ್ಕೂ ಹೆಚ್ಚು ಫೋನುಗಳಿಗೆ ಅದು ಹೊಕ್ಕಿತ್ತು ಎಂದು ಅದರ ವರದಿ ಹೇಳಿತು. ಇದೇ ಕಟ್ಟು ಮದುವೆ ಕರೆಯೋಲೆಯಾಗಿ, ಬ್ಯಾಂಕ್ ಕೆವೈಸಿಯಾಗಿ, ರೈತರಿಗೆ ಪಿಎಂ ಕಿಸಾನ್ ಆ್ಯಪ್ ಆಗಿಯೂ ಬರುತ್ತದೆ. ಕರೆಯೋಲೆ ಫೋಟೊ ಅಥವಾ ಪಿಡಿಎಫ್ ಆಗಿ ಬರುತ್ತದೆ. ಹೆಸರಿನ ಕೊನೆಯಲ್ಲಿ ಎಪಿಕೆ ಎಂದಿದ್ದರೆ ಅದು ಯಾರ ಮದುವೆಯೂ ಅಲ್ಲ.

ಪ್ಲೇ ಸ್ಟೋರ್ ಹೊರಗಿನಿಂದ ಬಂದು ಎಸ್‌ಎಂಎಸ್ ಕೇಳುವ ಆ್ಯಪ್‌ಗಳನ್ನು ಪ್ಲೇ ಪ್ರೊಟೆಕ್ಟ್ ಮೂಲಕ ತಡೆಯುವ ಏರ್ಪಾಡನ್ನು ಗೂಗಲ್ 2024ರಲ್ಲಿ ಭಾರತಕ್ಕೂ ತಂದಿತು. ಅದಕ್ಕೇ ಕಳ್ಳರು ಈಗ ಫೋನ್ ಮಾಡಿ, ‘ಸಾರ್, ಮೊದಲು ಪ್ಲೇ ಪ್ರೊಟೆಕ್ಟ್ ಆಫ್ ಮಾಡಿ’ ಎಂದು ಹೇಳಿಕೊಡುತ್ತಾರೆ. ಈ ಮಾತು ಕಿವಿಗೆ ಬಿದ್ದ ಮೇಲೆ ಬೇರೆ ಪರೀಕ್ಷೆ ಬೇಕಿಲ್ಲ. ನಿಜವಾದ ದಂಡ ಇದೆಯೋ ಇಲ್ಲವೋ ನೋಡಲು ಬೆಂಗಳೂರು ಸಂಚಾರ ಪೊಲೀಸರ ಜಾಲತಾಣದಲ್ಲೋ ಕೇಂದ್ರದ ಪರಿವಾಹನ್ ಇ–ಚಲನ್ ತಾಣದಲ್ಲೋ ಗಾಡಿ ನಂಬರ್ ಹೊಡೆದರಾಯಿತು. ಸರ್ಕಾರದಿಂದ ಬರುವ ಎಸ್‌ಎಂಎಸ್ ಗುರುತಿಸಲು ಇನ್ನೊಂದು ದಾರಿಯೂ ಇದೆ: 2025ರ ಮೇಯಿಂದ ದೂರಸಂಪರ್ಕ ನಿಯಂತ್ರಕ ಟ್ರಾಯ್ ನಿಯಮದಂತೆ ಕಳಿಸಿದವರ ಹೆಸರಿನ ಕೊನೆಗೆ ಅಡ್ಡಗೆರೆ ಮತ್ತು ‘ಜಿ’ ಅಕ್ಷರ ಇರುತ್ತದೆ. ಹತ್ತಂಕಿಯ ಮೊಬೈಲ್ ನಂಬರಿನಿಂದ ಆರ್‌ಟಿಒ ನಿಮಗೆ ವಾಟ್ಸ್‌ಆ್ಯಪ್‌ನಲ್ಲಿ ಫೈಲು ಕಳಿಸುವುದಿಲ್ಲ.

‘ಪ್ಲೇ ಸ್ಟೋರ್‌ದಾದರೆ ಭಯವಿಲ್ಲ’

ಅರ್ಧ ನಿಜ. ‘ಇಂದು ರಾತ್ರಿ 9.30ಕ್ಕೆ ನಿಮ್ಮ ಕರೆಂಟ್ ಕಟ್ ಮಾಡಲಾಗುವುದು, ಈ ಅಧಿಕಾರಿಗೆ ಫೋನ್ ಮಾಡಿ’ ಎಂಬ ಮೆಸೇಜ್ ನೆನಪಿರಬಹುದು. ಬೆಸ್ಕಾಂ ಇದರ ಬಗ್ಗೆ ಗ್ರಾಹಕರನ್ನು ಎಚ್ಚರಿಸಿತ್ತು. ಫೋನ್ ಮಾಡಿದರೆ ಆ ‘ಅಧಿಕಾರಿ’ ಎನಿಡೆಸ್ಕ್‌ನಂಥ ಆ್ಯಪ್ ಹಾಕಿಸಿ, ಅದರಲ್ಲಿ ಬರುವ ನಂಬರ್ ಹೇಳಿ ಎನ್ನುತ್ತಾನೆ. ಎನಿಡೆಸ್ಕ್ ವೈರಸ್ ಅಲ್ಲ, ಕಂಪನಿಗಳ ಐಟಿ ವಿಭಾಗದವರು ದಿನಾ ಬಳಸುವ ಸಲಕರಣೆ. ನಂಬರ್ ಹೇಳಿದ ಕೂಡಲೇ ನಿಮ್ಮ ಪರದೆ ಅವನ ಮುಂದಿರುತ್ತದೆ. ರಿಸರ್ವ್ ಬ್ಯಾಂಕ್ 2019ರ ಫೆಬ್ರುವರಿಯಲ್ಲೇ ಈ ಬಗೆಯ ಮೋಸದ ಕುರಿತು ಬ್ಯಾಂಕುಗಳಿಗೆ ಬರೆದಿತ್ತು. ಇಲ್ಲಿ ಆ್ಯಪ್ ಒಳ್ಳೆಯದೇ. ಹಾಕಿಸಿದವನು ಯಾರು ಎಂಬುದನ್ನು ನೋಡಬೇಕು.

‘ಫೋನ್ ಹ್ಯಾಕ್ ಆಗಿದೆ ಅಂದರೆ ವೈರಸ್ ಹೊಕ್ಕಿದೆ’

2025ರ ಸೆಪ್ಟೆಂಬರ್ 15ರಂದು ನಟ ಉಪೇಂದ್ರ ತಮ್ಮ ಪತ್ನಿ ಪ್ರಿಯಾಂಕಾ ಅವರ ಫೋನ್ ಹ್ಯಾಕ್ ಆಗಿದೆ, ಯಾರೂ ದುಡ್ಡು ಕಳಿಸಬೇಡಿ ಎಂದು ಬಹಿರಂಗವಾಗಿ ಕೇಳಿಕೊಂಡದ್ದು ಕನ್ನಡಿಗರಿಗೆಲ್ಲ ಗೊತ್ತು. ಆರ್ಡರ್ ಮಾಡಿದ್ದ ಸಾಮಾನಿನ ಹೆಸರಲ್ಲಿ ಕರೆ ಬಂದಿತ್ತು, ಹ್ಯಾಶ್ ಮತ್ತು ಅಂಕಿಗಳಿರುವ ಒಂದು ಕೋಡ್ ಒತ್ತಲು ಹೇಳಿದ್ದರು. ಅಷ್ಟರಲ್ಲಿ ಅವರ ವಾಟ್ಸ್‌ಆ್ಯಪ್‌ನಿಂದ ಪರಿಚಿತರಿಗೆಲ್ಲ ದುಡ್ಡು ಕೇಳುವ ಮೆಸೇಜ್ ಹೋಗತೊಡಗಿತು.

ಇಂಥ ಕೋಡ್‌ಗಳಿಗೆ ಫೈಲೂ ಬೇಡ, ಲಿಂಕೂ ಬೇಡ. *21* ಎಂದು ಶುರುವಾಗಿ ಒಂದು ಮೊಬೈಲ್ ನಂಬರ್ ಇದ್ದು # ಎಂದು ಮುಗಿದರೆ ಅದರ ಅರ್ಥ, ನನ್ನ ಕರೆಗಳನ್ನೆಲ್ಲ ಆ ನಂಬರಿಗೆ ತಿರುಗಿಸಿ ಎಂದು. ವಾಟ್ಸ್‌ಆ್ಯಪ್ ತನ್ನ ಒಟಿಪಿಯನ್ನು ಎಸ್‌ಎಂಎಸ್‌ನಲ್ಲಷ್ಟೇ ಅಲ್ಲ, ಫೋನ್ ಕರೆಯಲ್ಲೂ ಹೇಳುತ್ತದೆ. ಕರೆ ಕಳ್ಳನಿಗೆ ಹೋದರೆ ಒಟಿಪಿಯೂ ಅವನಿಗೇ. ಆಗ ಫೋನ್ ಫಾರ್ಮ್ಯಾಟ್ ಮಾಡಿಸಿ ಪ್ರಯೋಜನವಿಲ್ಲ, ಯಾಕೆಂದರೆ ತಿರುವು ಇರುವುದು ಮೊಬೈಲ್ ಕಂಪನಿಯ ಜಾಲದಲ್ಲಿ. ##002# ಒತ್ತಿ ಕರೆ ಮಾಡಿದರೆ ಎಲ್ಲ ತಿರುವುಗಳೂ ರದ್ದಾಗುತ್ತವೆ. ವಾಟ್ಸ್‌ಆ್ಯಪ್ ಸೆಟ್ಟಿಂಗ್ಸ್‌ನಲ್ಲಿ ಎರಡು ಹಂತದ ಪರಿಶೀಲನೆ ಎಂಬುದನ್ನು ಆನ್ ಮಾಡಿ 6 ಅಂಕಿಯ ಪಿನ್ ಇಟ್ಟರೆ, ಒಟಿಪಿ ಕದ್ದರೂ ಖಾತೆ ಅವನ ಕೈಗೆ ಸುಲಭವಾಗಿ ಸಿಗದು. ಇದಕ್ಕೆ 2 ನಿಮಿಷವೂ ಹಿಡಿಯುವುದಿಲ್ಲ, ಆದರೂ ಮಾಡಿಟ್ಟುಕೊಂಡವರನ್ನು ಹುಡುಕಬೇಕು.

‘ಗೊತ್ತಿರೋರೇ ಕಳಿಸಿದ್ದಲ್ವಾ’ ಎಂಬ ನಂಬಿಕೆಯೂ ಇಲ್ಲೇ ಬಿದ್ದುಹೋಗುತ್ತದೆ. ಕಳ್ಳ ಬರುವುದು ಭಾವನ ಹೆಸರಲ್ಲಿ, ಅತ್ತೆಯ ಫೋಟೊ ಇಟ್ಟುಕೊಂಡೇ. ಅನುಮಾನ ಬಂದರೆ ವಾಟ್ಸ್‌ಆ್ಯಪ್‌ನಲ್ಲೇ ‘ನೀವೇನಾ?’ ಎಂದು ಕೇಳಿ ಏನು ಫಲ? ‘ಹೌದು, ನಾನೇ’ ಎಂದು ಅವನೇ ಉತ್ತರಿಸುತ್ತಾನೆ. ದನಿ ಕೇಳುವಂತೆ ಮಾತಾಡಬೇಕು. ತಿರುವು ಇನ್ನೂ ಇದ್ದರೆ ಆ ಕರೆಯೂ ಕಳ್ಳನಿಗೇ ಹೋಗಬಹುದು, ಹಾಗಾಗಿ ಮನೆಯ ಇನ್ನೊಬ್ಬರ ನಂಬರಿಗೆ ಮಾಡುವುದು ಲೇಸು.

‘ಬೀಗದ ಗುರುತು ಇದೆ, ಅಸಲಿ ಸೈಟ್’

ಬ್ರೌಸರ್‌ನ ವಿಳಾಸದ ಪಕ್ಕ ಕಾಣುವ ಪುಟ್ಟ ಬೀಗ ಲಕೋಟೆ ಭದ್ರವಾಗಿ ಅಂಟಿದೆ ಎಂದಷ್ಟೇ ಹೇಳುತ್ತದೆ. ಮೇಲಿನ ವಿಳಾಸ ಕಳ್ಳನದೇ ಇರಬಹುದು. 2015ರ ಕೊನೆಯಿಂದ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಆ ಪ್ರಮಾಣಪತ್ರವನ್ನು ಯಾರಿಗೆ ಬೇಕಾದರೂ ಉಚಿತವಾಗಿ ಕೊಡುತ್ತಿದೆ, ನಕಲಿ ಸೈಟಿನವರೂ ತೆಗೆದುಕೊಳ್ಳುತ್ತಾರೆ. ಜನ ತಪ್ಪು ತಿಳಿಯುತ್ತಾರೆಂದೇ ಗೂಗಲ್ 2023ರ ಸೆಪ್ಟೆಂಬರ್‌ನಲ್ಲಿ ಕ್ರೋಮ್‌ನಿಂದ ಬೀಗದ ಚಿತ್ರವನ್ನು ತೆಗೆಯಿತು.

ವಿಳಾಸ ಓದುವುದನ್ನು ಕಲಿಯುವುದೇ ಸರಿ, ಅದನ್ನು ಬಲದಿಂದ ಎಡಕ್ಕೆ ಓದಬೇಕು. ಮೊದಲ ಒಂಟಿ ಓರೆಗೆರೆಯ ಹಿಂದಿನ ಕೊನೆಯ ತುಂಡುಗಳೇ ಯಜಮಾನನ ಹೆಸರು. ‘ಎಸ್‌ಬಿಐ ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಮುಗಿದರೆ ಅದು ಸ್ಟೇಟ್ ಬ್ಯಾಂಕಿನದು. ಇಷ್ಟೂ ಇದ್ದು, ಮುಂದೆ ಇನ್ನೊಂದು ಡಾಟ್ ಹಾಕಿ ‘ಕೆವೈಸಿ ಡಾಟ್ ಟಾಪ್’ ಎಂಬಂತೆ ಮುಗಿದರೆ ಬ್ಯಾಂಕಿನ ಹೆಸರು ಬರೀ ಅಲಂಕಾರ. ರಿಸರ್ವ್ ಬ್ಯಾಂಕ್ 2025ರ ಅಕ್ಟೋಬರ್ 31ರೊಳಗೆ ಎಲ್ಲ ಬ್ಯಾಂಕುಗಳೂ ‘ಡಾಟ್ ಬ್ಯಾಂಕ್ ಡಾಟ್ ಇನ್’ ವಿಳಾಸಕ್ಕೆ ಬರಬೇಕೆಂದು ಗಡುವು ಕೊಟ್ಟಿತ್ತು. ಬ್ಯಾಂಕುಗಳಲ್ಲದೆ ಬೇರೆಯವರಿಗೆ ಆ ವಿಳಾಸ ಸಿಗುವುದಿಲ್ಲ. ನನ್ನನ್ನು ಕೇಳಿದರೆ, ಜನಸಾಮಾನ್ಯರ ರಕ್ಷಣೆಗೆ ಇತ್ತೀಚೆಗೆ ಆದ ಅತ್ಯಂತ ಉಪಯುಕ್ತ ಕೆಲಸ ಇದು. ಅದರ ಬಗ್ಗೆ ಪ್ರಚಾರ ಮಾತ್ರ ಸಾಲದು.

ಇಲ್ಲಿ ಐಫೋನ್ ಇದೆ ಎಂಬ ಧೈರ್ಯವೂ ಕೆಲಸಕ್ಕೆ ಬಾರದು. ಎಪಿಕೆ ಐಫೋನಿಗೆ ಹತ್ತುವುದಿಲ್ಲ ನಿಜ, ಆದರೆ ನಕಲಿ ಪುಟದಲ್ಲಿ ಪಾಸ್‌ವರ್ಡ್ ಬರೆಯುವ ಕೈಗೆ ಯಾವ ಫೋನಾದರೂ ಒಂದೇ.

‘ಹೊರಗೆ ಚಾರ್ಜ್‌ಗೆ ಹಾಕಿದರೆ ವೈರಸ್’

ಏರ್‌ಪೋರ್ಟಿನಲ್ಲಿ, ಮೆಜೆಸ್ಟಿಕ್‌ನಲ್ಲಿ ಚಾರ್ಜ್ ಹಾಕಬೇಡಿ ಎಂಬ ಎಚ್ಚರಿಕೆ ವರ್ಷಕ್ಕೊಮ್ಮೆ ಸುತ್ತು ಹೊಡೆಯುತ್ತದೆ. ಸಂಶೋಧಕರು ಪ್ರಯೋಗದಲ್ಲಿ ಇದನ್ನು ಮಾಡಿ ತೋರಿಸಿದ್ದಾರೆ. ಇಂದಿನ ಫೋನುಗಳು ಕೇಬಲ್ ಸಿಕ್ಕಿಸಿದಾಗ ಚಾರ್ಜ್ ಮಾತ್ರ ತೆಗೆದುಕೊಂಡು, ಮಾಹಿತಿ ಕೊಡಲು ನಿಮ್ಮನ್ನು ಕೇಳುತ್ತವೆ. ನಿಮ್ಮದೇ ಚಾರ್ಜರ್ ಇದ್ದರೆ ಆ ಮಾತೂ ಇಲ್ಲ. ಇದಕ್ಕೆ ಹೆದರಿ ಪ್ರಯಾಣದ ನಡುವೆ ಫೋನ್ ಆಫ್ ಆಗಲು ಬಿಡಬೇಕಿಲ್ಲ.

‘ಐಟಿಯವರ ಕಂಪ್ಯೂಟರಿಗೆ ಏನೂ ಆಗಲ್ಲ’

ವಸಂತಪುರದ ಅಪಾರ್ಟ್‌ಮೆಂಟುಗಳಲ್ಲಿ ಸಾಫ್ಟ್‌ವೇರ್ ಕೆಲಸದವರಿಗೆ ಬರವಿಲ್ಲ, ಈ ನಂಬಿಕೆಗೂ ಬರವಿಲ್ಲ. 2025ರ ಜುಲೈನಲ್ಲಿ ಕ್ರಿಪ್ಟೋ ಕಂಪನಿ ಕಾಯಿನ್‌ಡಿಸಿಎಕ್ಸ್‌ನಿಂದ ಸುಮಾರು 4.4 ಕೋಟಿ ಡಾಲರ್ ಕಳುವಾಯಿತು. ಬೆಂಗಳೂರಿನ ನೌಕರನೊಬ್ಬನಿಗೆ ಬಿಡುವಿನ ವೇಳೆಯ ಕೆಲಸದ ಆಸೆ ತೋರಿಸಿ, ಆತನ ಆಫೀಸ್ ಲ್ಯಾಪ್‌ಟಾಪ್ ಮೂಲಕ ಕಳ್ಳರು ಒಳಹೊಕ್ಕರು ಎಂಬುದು ಪೊಲೀಸ್ ತನಿಖೆಯಲ್ಲಿ ಕೇಳಿಬಂದ ಮಾತು. ಕೆಲಸ ಹುಡುಕುವವರಿಗೆ ‘ಟೆಸ್ಟ್ ಅಸೈನ್‌ಮೆಂಟ್’ ಎಂದು ಫೈಲು ಬರುವುದು ಈಗ ಮಾಮೂಲು.

ಕಂಪ್ಯೂಟರಿನಲ್ಲಿ ಈಗ ಹೆಚ್ಚಾಗಿ ಕಾಣುವ ಇನ್ನೊಂದು ಉಪಾಯದಲ್ಲಿ ಡೌನ್‌ಲೋಡ್ ಕೂಡ ಇಲ್ಲ. ‘ನೀವು ರೋಬೋಟ್ ಅಲ್ಲ ಎಂದು ತೋರಿಸಿ’ ಎಂಬ ಪುಟ ಬರುತ್ತದೆ. ವಿಂಡೋಸ್ ಕೀ ಜೊತೆ ‘ಆರ್’ ಒತ್ತಿ, ಕಂಟ್ರೋಲ್ ಜೊತೆ ‘ವಿ’ ಒತ್ತಿ, ಎಂಟರ್ ಹೊಡೆಯಿರಿ ಎನ್ನುತ್ತದೆ. ಪುಟ ಮೊದಲೇ ಒಂದು ಆಜ್ಞೆಯನ್ನು ಕ್ಲಿಪ್‌ಬೋರ್ಡಿಗೆ ತುಂಬಿರುತ್ತದೆ. ಅದನ್ನು ಓಡಿಸುವುದು ನೀವೇ. ಅಸಲಿ ಪರೀಕ್ಷೆ ಕೀಬೋರ್ಡಿನ ಇಂಥ ಕಸರತ್ತು ಎಂದೂ ಕೇಳದು.

ಆಂಟಿವೈರಸ್ ಕೊಳ್ಳಬೇಕೇ ಎಂದು ಕೇಳುವವರಿಗೆ: ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಮನೆ ಬಳಕೆಗೆ ಸಾಕು, ಅಪ್‌ಡೇಟ್ ಬರುತ್ತಿದ್ದರೆ. ಮೈಕ್ರೊಸಾಫ್ಟ್ 2017ರ ಮಾರ್ಚ್‌ನಲ್ಲಿ ತೇಪೆ ಬಿಡುಗಡೆ ಮಾಡಿದ್ದ ದೋಷವನ್ನೇ ಮೇ 12ರಂದು ವಾನಾಕ್ರೈ ಎಂಬ ಕುತಂತ್ರಾಂಶ ಹಿಡಿದುಕೊಂಡು ಜಗತ್ತನ್ನು ಕಾಡಿತು. ಅಪ್‌ಡೇಟ್ ಮಾಡಿದ್ದ ಯಂತ್ರಗಳಿಗೆ ಅದು ತಟ್ಟಲಿಲ್ಲ. ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ಮಗನ ಹಳೇ ಲ್ಯಾಪ್‌ಟಾಪಿನಲ್ಲಿ ನೆಟ್‌ಬ್ಯಾಂಕಿಂಗ್ ಮಾಡುವ ಅಪ್ಪಂದಿರು ಇದನ್ನು ಗಮನಿಸಬೇಕು.

‘ಹೋದ ದುಡ್ಡು ಹೋದಂಗೇ’

ಎಲ್ಲಕ್ಕಿಂತ ದುಬಾರಿ ನಂಬಿಕೆ ಇದು. ಮರ್ಯಾದೆಗೆ ಅಂಜಿ ಮಗಳಿಗೂ ಹೇಳದೆ ಎರಡು ದಿನ ಕೂರುವವರಿದ್ದಾರೆ. ಕದ್ದ ಹಣ ಒಂದೇ ಏಟಿಗೆ ಕೈಗೆ ಸಿಗುವುದಿಲ್ಲ. ಬಾಡಿಗೆ ಖಾತೆಯಿಂದ ಇನ್ನೊಂದಕ್ಕೆ ಜಿಗಿಯುತ್ತಾ ಹೋಗುತ್ತದೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ ದೂರು ಆ ಸರಪಳಿಯ ಬ್ಯಾಂಕುಗಳಿಗೆ ತಲುಪಿ, ಎಟಿಎಂನಿಂದ ಹೊರಬೀಳದೆ ಉಳಿದಿರುವಷ್ಟು ಹಣವನ್ನು ಅಲ್ಲೇ ತಡೆಹಿಡಿಯುತ್ತಾರೆ. ಈ ವ್ಯವಸ್ಥೆ 2021ರಲ್ಲಿ ಶುರುವಾದಾಗ ನಂಬರ್ 155260 ಇತ್ತು. ಮೊದಲ ಗಂಟೆಯಲ್ಲಿ ಮಾಡಿದ ಕರೆಗೂ ಮರುದಿನದ ಕರೆಗೂ ಅಜಗಜಾಂತರ. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯ ಪ್ರಕಾರ ಒಟಿಪಿಯಂಥದ್ದನ್ನು ಗ್ರಾಹಕರೇ ಕೊಟ್ಟಿದ್ದರೂ, ಬ್ಯಾಂಕಿಗೆ ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನ ಹೊಣೆ. ತಪ್ಪು ನಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ ಎಂದಾದರೆ, 3 ಕೆಲಸದ ದಿನಗಳೊಳಗೆ ಹೇಳಿದವರ ಮೇಲೆ ಹೊರೆಯೇ ಇಲ್ಲ.

ಕಳ್ಳ ಆ್ಯಪ್ ಹಾಕಿಬಿಟ್ಟಿದ್ದೀರಿ ಎನಿಸಿದರೆ ಮೊದಲು ವೈಫೈ, ಡೇಟಾ ಎರಡೂ ಆಫ್ ಆಗಲಿ. ಸಿಮ್ ತೆಗೆದು ಮನೆಯಲ್ಲಿ ಬಿದ್ದಿರುವ ಹಳೇ ಕೀಪ್ಯಾಡ್ ಫೋನಿಗೆ ಹಾಕಿ; ಮುಂದಿನ ಒಟಿಪಿಗಳು ಆ್ಯಪ್‌ನ ಕಣ್ಣಿಗೆ ಬೀಳುವುದಿಲ್ಲ. 1930ಕ್ಕೂ ಬ್ಯಾಂಕಿಗೂ ಅಲ್ಲಿಂದಲೇ ಮಾತಾಡಿ, ಪಾಸ್‌ವರ್ಡುಗಳನ್ನು ಬೇರೊಂದು ಯಂತ್ರದಿಂದ ಬದಲಿಸಿ. ಆಮೇಲೆ ಹತ್ತಿರದ ಠಾಣೆ ಅಥವಾ ಸೈಬರ್ ಅಪರಾಧ ಠಾಣೆ. ದೇಶದ ಮೊದಲ ಸೈಬರ್ ಅಪರಾಧ ಠಾಣೆ 2001ರಲ್ಲಿ ಬಾಗಿಲು ತೆರೆದದ್ದು ಬೆಂಗಳೂರಿನಲ್ಲೇ, ಇಂಥ ದೂರು ಇಲ್ಲಿಯ ಪೊಲೀಸರಿಗೆ ಹೊಸದೇನಲ್ಲ. ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡುವುದು ಕೊನೆಗೆ. ಆ ಮೆಸೇಜು, ಕಳಿಸಿದ ನಂಬರು, ಫೈಲಿನ ಹೆಸರು, ಬ್ಯಾಂಕಿನ ಎಸ್‌ಎಂಎಸ್ ಎಲ್ಲದರ ಫೋಟೊವನ್ನು ಇನ್ನೊಂದು ಫೋನಿನಲ್ಲಿ ತೆಗೆದಿಟ್ಟುಕೊಂಡ ಮೇಲೆಯೇ ಅಳಿಸಿ.