ಗುದ್ದಿದ ಕಾರಿಗೆ ಕಾಲೇಜು ಪಾಠ

2017ರ ಅಕ್ಟೋಬರಿನಲ್ಲಿ ಅಮೆರಿಕದ ಡಲ್ಲಾಸ್ ನಗರದ ನ್ಯಾಯಾಲಯವೊಂದು ಕಾರಿನ ಚಾವಣಿಯೊಂದರ ಬಗ್ಗೆ ತೀರ್ಪು ಕೊಟ್ಟಿತು. ಆಲಿಕಲ್ಲು ಮಳೆಗೆ ಸಿಕ್ಕಿ ಜಜ್ಜಿಹೋಗಿದ್ದ 2010ರ ಹೋಂಡಾ ಫಿಟ್ ಕಾರಿಗೆ ಗ್ಯಾರೇಜೊಂದು ಹೊಸ ಚಾವಣಿ ಕೂರಿಸಿತ್ತು. ಬೆಸುಗೆ ಹಾಕಿಯೇ ಕೂರಿಸಬೇಕೆಂದು ಕಂಪನಿಯ ಕೈಪಿಡಿ ಹೇಳುತ್ತಿತ್ತು. ಗ್ಯಾರೇಜಿನವರು ಅಂಟು ಹಚ್ಚಿ ಕೂರಿಸಿದ್ದರು. ಬಣ್ಣ ಬಳಿದ ಮೇಲೆ ಯಾರಿಗೂ ವ್ಯತ್ಯಾಸ ಕಾಣುವಂತಿರಲಿಲ್ಲ. ಆ ಕಾರನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ ದಂಪತಿ 2013ರ ಡಿಸೆಂಬರಿನಲ್ಲಿ ಅಪಘಾತಕ್ಕೀಡಾಗಿ ತೀವ್ರವಾಗಿ ಗಾಯಗೊಂಡರು. ಜ್ಯೂರಿ ಒಟ್ಟು 4.2 ಕೋಟಿ ಡಾಲರ್ ಪರಿಹಾರ ನಿಗದಿ ಮಾಡಿ, ಅದರಲ್ಲಿ 3.15 ಕೋಟಿ ಡಾಲರಿನ ಹೊಣೆಯನ್ನು ಗ್ಯಾರೇಜಿನ ಮೇಲೆಯೇ ಹೊರಿಸಿತು.

ಅಂಟಿಗೂ ಬೆಸುಗೆಗೂ ಅಷ್ಟೊಂದು ಅಂತರವೇ? ಇದೆ. ಅದನ್ನು ಅರ್ಥ ಮಾಡಿಸಲೆಂದೇ ಅಮೆರಿಕದ ಹಲವು ಕಮ್ಯುನಿಟಿ ಕಾಲೇಜುಗಳಲ್ಲಿ ಕಾರಿನ ಬಾಡಿ ರಿಪೇರಿಯಲ್ಲಿ ಒಂದು ವರ್ಷದ ಸರ್ಟಿಫಿಕೇಟು, ಎರಡು ವರ್ಷದ ಡಿಗ್ರಿ ಕೋರ್ಸುಗಳಿವೆ.

ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ 1901ರಲ್ಲಿ ಶುರುವಾದ ಜೂನಿಯರ್ ಕಾಲೇಜು ಅಮೆರಿಕದ ಮೊದಲ ಸರ್ಕಾರಿ ಕಮ್ಯುನಿಟಿ ಕಾಲೇಜು. ವಿಶ್ವವಿದ್ಯಾಲಯಕ್ಕಿಂತ ಇಲ್ಲಿ ಫೀಸು ಕಡಿಮೆ, ಪ್ರವೇಶ ಸುಲಭ. ಹೈಸ್ಕೂಲು ಮುಗಿಸಿದ ಹುಡುಗ ಹುಡುಗಿಯರ ಪಕ್ಕದಲ್ಲೇ ಕೆಲಸ ಬದಲಾಯಿಸಲು ಹೊರಟ ನಡುವಯಸ್ಸಿನವರೂ ಕೂರುತ್ತಾರೆ. ಮಿಶಿಗನ್ನಿನ ಆ್ಯನ್ ಆರ್ಬರ್‌ನಲ್ಲಿರುವ ವಾಷ್ಟೆನಾ ಕಾಲೇಜು, ಕ್ಯಾಲಿಫೋರ್ನಿಯಾದ ಸೆರಿಟೋಸ್ ಮತ್ತು ಕಾಂಟ್ರಾ ಕೋಸ್ಟಾ ಕಾಲೇಜುಗಳಂಥ ಕಡೆ ಕಾರಿನ ಬಾಡಿ ರಿಪೇರಿಯೂ ಒಂದು ಪಾಠ. ನಮ್ಮ ಗ್ಯಾರೇಜುಗಳಲ್ಲಿ ಟಿಂಕರಿಂಗ್, ಪೇಂಟಿಂಗ್ ಎಂದು ಕರೆಯುವ ಕೆಲಸವನ್ನು ಅಲ್ಲಿ ಲೋಹ, ಅಳತೆ, ರಸಾಯನ, ವಿದ್ಯುತ್ತು ಎಂದು ಬಿಡಿಸಿ ಕಲಿಸುತ್ತಾರೆ.

ಮೊದಲ ಪಾಠ ತಗಡಿನದು. ಉಕ್ಕಿನ ತಗಡನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ಬಿಟ್ಟರೆ ಅದು ಮೊದಲಿನ ಆಕಾರಕ್ಕೇ ಮರಳುತ್ತದೆ. ಇದು ಸ್ಥಿತಿಸ್ಥಾಪಕ ಗುಣ. ಒಂದು ಮಿತಿ ದಾಟಿ ಒತ್ತಿದರೆ ಒಳಗಿನ ಹರಳುಗಳಲ್ಲಿ ಪರಮಾಣುಗಳ ಪದರಗಳು ಒಂದರ ಮೇಲೊಂದು ಜಾರಿ ಹೊಸ ಜಾಗದಲ್ಲಿ ಕೂರುತ್ತವೆ. ತಗ್ಗು ಹಾಗೇ ಉಳಿಯುತ್ತದೆ. ಜಾರಿದ ಪದರಗಳು ಒಂದಕ್ಕೊಂದು ತೊಡರಿಕೊಳ್ಳುವುದರಿಂದ ಬಾಗಿದ ಜಾಗ ಮೊದಲಿಗಿಂತ ಗಟ್ಟಿಯಾಗಿರುತ್ತದೆ. ಸೇಫ್ಟಿ ಪಿನ್ನನ್ನು ಬಾಗಿಸಿ ಮತ್ತೆ ನೆಟ್ಟಗೆ ಮಾಡಲು ಹೋದವರಿಗೆ ಇದು ಗೊತ್ತು: ಹಳೆಯ ಮಡಿಕೆ ನೆಟ್ಟಗಾಗದೆ ಅದರ ಪಕ್ಕದಲ್ಲೇ ಹೊಸ ಮಡಿಕೆ ಮೂಡುತ್ತದೆ.

ಆದ್ದರಿಂದ ಹೊಸ ವಿದ್ಯಾರ್ಥಿ ಮಾಡುವ ಮೊದಲ ತಪ್ಪು ತಗ್ಗಿನ ನಡುಮಧ್ಯಕ್ಕೇ ಸುತ್ತಿಗೆಯಿಂದ ಹೊಡೆಯುವುದು. ನಡುವಿನ ತಗಡು ಬಹಳಷ್ಟು ಸಲ ಸುಮ್ಮನೆ ಎಳೆದುಕೊಂಡು ಹೋಗಿರುತ್ತದೆ ಅಷ್ಟೇ; ಅದನ್ನು ಹಿಡಿದಿಟ್ಟಿರುವುದು ಸುತ್ತಲಿನ ಗಟ್ಟಿಯಾದ ಅಂಚು. ಬೋಧಕರು ಆ ಅಂಚನ್ನು ಮೊದಲು ಸಡಿಲಿಸಲು ಹೇಳುತ್ತಾರೆ. ತಗಡಿನ ಹಿಂದೆ ಡಾಲಿ ಎಂಬ ಉಕ್ಕಿನ ಗಟ್ಟಿಯನ್ನು ಹಿಡಿದು, ಅದರ ಪಕ್ಕದ ಉಬ್ಬಿನ ಮೇಲೆ ಹಗುರಾಗಿ ತಟ್ಟುತ್ತ ಬಂದರೆ ತಗ್ಗು ತಾನಾಗಿ ಏಳತೊಡಗುತ್ತದೆ. ಕೆಲಸ ಸರಿಯಾಯಿತೇ ಎಂದು ನೋಡಲು ಕಣ್ಣು ಸಾಲದು. ಅಂಗೈಯನ್ನು ಪೂರ್ತಿ ಊರಿ ಉದ್ದಕ್ಕೆ ಸವರಬೇಕು. ಬಳಿಕ ತೆಳುವಾಗಿ ಕಪ್ಪು ಬಣ್ಣ ಊದಿ, ನೆಟ್ಟನೆಯ ಹಲಗೆಗೆ ಸುತ್ತಿದ ಉಜ್ಜುಕಾಗದದಿಂದ ತಿಕ್ಕಬೇಕು. ಉಬ್ಬಿದ ಕಡೆ ಕಪ್ಪು ಮೊದಲೇ ಮಾಯವಾಗುತ್ತದೆ, ತಗ್ಗಿನಲ್ಲಿ ಹಾಗೇ ಉಳಿಯುತ್ತದೆ. ಉಳಿದ ಕಪ್ಪು ಚುಕ್ಕೆಗಳೇ ವಿದ್ಯಾರ್ಥಿಯ ಅಂಕಪಟ್ಟಿ.

ಬಾಗಿಲು, ಫೆಂಡರುಗಳ ಮಟ್ಟಿಗೆ ಇಷ್ಟು ಸಾಕು. ಅವುಗಳ ಹಿಂದಿರುವ ಅಸ್ಥಿಪಂಜರದ ಲೆಕ್ಕವೇ ಬೇರೆ.

ಕಾರು ಗುದ್ದಿದಾಗ ಅದರ ಮೂತಿ ನಜ್ಜುಗುಜ್ಜಾಗುವುದು ದೌರ್ಬಲ್ಯವಲ್ಲ, ವಿನ್ಯಾಸ. ಮರ್ಸಿಡಿಸ್-ಬೆಂಝ್ ಕಂಪನಿಯ ಎಂಜಿನಿಯರ್ ಬೇಲಾ ಬರೇನಿ 1951ರಲ್ಲಿ ಈ ವಿಚಾರಕ್ಕೆ ಪೇಟೆಂಟ್ ಅರ್ಜಿ ಹಾಕಿದರು. ಜನ ಕೂರುವ ನಡುಭಾಗ ಗಟ್ಟಿಯಾಗಿರಲಿ, ಹಿಂದುಮುಂದಿನ ಭಾಗಗಳು ಕುಸಿದು ಹೊಡೆತವನ್ನು ನುಂಗಲಿ ಎಂಬುದು ಅವರ ಲೆಕ್ಕ. 1959ರಲ್ಲಿ ಬಂದ ಅದೇ ಕಂಪನಿಯ ಡಬ್ಲ್ಯೂ111 ಕಾರು ಇದನ್ನು ರಸ್ತೆಗೆ ತಂದಿತು.

ಲೆಕ್ಕವನ್ನು ಹೈಸ್ಕೂಲಿನ ಸೂತ್ರದಲ್ಲೇ ಹಾಕಿ ನೋಡಬಹುದು. ಒಂದೂವರೆ ಟನ್ ತೂಕದ ಕಾರು ಗಂಟೆಗೆ 50 ಕಿ.ಮೀ. ವೇಗದಲ್ಲಿ ಹೋಗುವಾಗ ಅದರಲ್ಲಿ ಸುಮಾರು 1.45 ಲಕ್ಷ ಜೂಲ್ ಚಲನಶಕ್ತಿ ಇರುತ್ತದೆ. ಗೋಡೆಗೆ ಗುದ್ದಿದಾಗ ಮೂತಿ 60 ಸೆಂ.ಮೀ. ಕುಸಿದರೆ ಒಳಗಿನ ದೇಹದ ಮೇಲೆ ಬೀಳುವ ಸರಾಸರಿ ಹೊಡೆತ ಗುರುತ್ವದ 16 ಪಟ್ಟು. ಬರೀ 20 ಸೆಂ.ಮೀ. ಕುಸಿದು ನಿಂತರೆ ಅದು 49 ಪಟ್ಟಿಗೆ ಏರುತ್ತದೆ. ರಿಪೇರಿಯವನು ಭದ್ರವಾಗಿರಲಿ ಎಂದು ಮುಂದಿನ ರೇಲ್ ಎಂಬ ತೊಲೆಗೆ ಒಂದು ಕಬ್ಬಿಣದ ಪಟ್ಟಿ ಹೆಚ್ಚಿಗೆ ಬೆಸೆದರೆ ಕುಸಿಯಬೇಕಾದದ್ದು ಕುಸಿಯುವುದಿಲ್ಲ. ಬೆಸುಗೆ ಸಡಿಲವಾಗಿದ್ದರೆ ತಡೆಯಬೇಕಾದದ್ದು ತಡೆಯುವುದಿಲ್ಲ. ಹೊಡೆತ ಹೇಗೆ ಏರುತ್ತದೆ ಎಂಬುದನ್ನು ನೋಡಿಯೇ ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ತೀರ್ಮಾನವೂ ಆಗುವುದರಿಂದ ಅದರ ಸಮಯವೂ ಏರುಪೇರಾಗಬಹುದು. ಬಾಡಿ ರಿಪೇರಿ ಕಲಿಯುವವರ ನಿಜವಾದ ಜವಾಬ್ದಾರಿ ಮುಂದೆ ಎಂದಾದರೂ ಆಗಬಹುದಾದ ಇನ್ನೊಂದು ಅಪಘಾತದ್ದು.

ಇನ್ನು ಉಕ್ಕಿನಲ್ಲೂ ಬಗೆಬಗೆ. ಬಾಗಿಲಿನ ಮೇಲ್ಪದರಕ್ಕೆ ಮೆತ್ತನೆಯ ಉಕ್ಕು, ಸೀಟಿನ ಪಕ್ಕದ ಕಂಬಕ್ಕೆ ಬೋರಾನ್ ಬೆರೆಸಿದ ಉಕ್ಕು. ಈ ಎರಡನೆಯದನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ತಣ್ಣನೆಯ ಅಚ್ಚಿನಲ್ಲಿ ಒತ್ತಿ, ಅಲ್ಲೇ ಸರಕ್ಕನೆ ತಂಪು ಮಾಡುತ್ತಾರೆ. ಕಮ್ಮಾರ ಕೆಂಪಗೆ ಕಾದ ಕುಡುಗೋಲನ್ನು ನೀರಿಗೆ ಅದ್ದಿ ಹದ ಕೊಡುವಂತೆಯೇ ಇದು. ಹೀಗೆ ಹುಟ್ಟುವ ಮಾರ್ಟೆನ್ಸೈಟ್ ಎಂಬ ರಚನೆಯ ಬಲ ಸುಮಾರು 1,500 ಮೆಗಾಪಾಸ್ಕಲ್, ಅಂದರೆ ಸಾಮಾನ್ಯ ಉಕ್ಕಿನ ಹಲವು ಪಟ್ಟು. ಅದನ್ನು ಗ್ಯಾಸ್ ಟಾರ್ಚಿನಿಂದ ಮತ್ತೆ ಕಾಯಿಸಿದರೆ ಹದ ಹೋಯಿತು. ಕಂಬ ನೋಡಲು ನೆಟ್ಟಗಿರುತ್ತದೆ, ಬಲ ಇರುವುದಿಲ್ಲ. ಕಾಯಿಸದೆ ಎಳೆದರೂ ಬಿರುಕು ಬಿಡುವ ಭಯ. ಬಾಗಿದ ಬೋರಾನ್ ಉಕ್ಕನ್ನು ನೆಟ್ಟಗೆ ಮಾಡುವಂತಿಲ್ಲ, ಬದಲಾಯಿಸಲೇಬೇಕು ಎಂದು ಪಾಠ ಹೇಳುವುದು ಇದಕ್ಕೇ.

ಫೋರ್ಡ್ ಕಂಪನಿ ತನ್ನ 2015ರ ಮಾದರಿಯ ಎಫ್-150 ಪಿಕಪ್ ಟ್ರಕ್ಕಿಗೆ ಅಲ್ಯೂಮಿನಿಯಂ ಬಾಡಿ ತೊಡಿಸಿದಾಗ ಕಾಲೇಜುಗಳ ಪಠ್ಯಕ್ಕೂ ಗ್ಯಾರೇಜುಗಳ ಖರ್ಚಿಗೂ ಹೊಸ ಅಧ್ಯಾಯ ಸೇರಿತು. ಉಕ್ಕು ಕಾದಾಗ ಕೆಂಪಾಗಿ ಎಚ್ಚರಿಸುತ್ತದೆ. ಅಲ್ಯೂಮಿನಿಯಂ ಬಣ್ಣ ಬದಲಿಸದೆಯೇ 660 ಡಿಗ್ರಿಯಲ್ಲಿ ಕರಗಿಬಿಡುತ್ತದೆ. ಉಕ್ಕಿನ ಪುಡಿ ಅದಕ್ಕೆ ಅಂಟಿದರೆ ತೇವದಲ್ಲಿ ವಿದ್ಯುತ್ ರಾಸಾಯನಿಕ ಕ್ರಿಯೆ ನಡೆದು ಅಲ್ಯೂಮಿನಿಯಂ ಕೊರೆದುಹೋಗುತ್ತದೆ. ಹೀಗಾಗಿ ಅದರ ಸುತ್ತಿಗೆ, ಗ್ರೈಂಡರುಗಳೆಲ್ಲ ಪ್ರತ್ಯೇಕ. ಅದರ ನುಣ್ಣನೆಯ ಧೂಳು ಗಾಳಿಯಲ್ಲಿ ತುಂಬಿದರೆ ಸ್ಫೋಟಿಸಬಲ್ಲದು ಕೂಡ.

ಬೆಸುಗೆಯ ಪರೀಕ್ಷೆ ನೋಡಲು ಮಜವಾಗಿರುತ್ತದೆ. ವಿದ್ಯಾರ್ಥಿ ಎರಡು ತಗಡಿನ ತುಂಡುಗಳನ್ನು ಬೆಸೆದು ತರುತ್ತಾನೆ. ಬೋಧಕರು ಅದನ್ನು ವೈಸ್‌ಗೆ ಸಿಕ್ಕಿಸಿ ಉಳಿಯಿಂದ ಕಿತ್ತುಹಾಕುತ್ತಾರೆ. ಬೆಸುಗೆ ಗಟ್ಟಿಯಾಗಿದ್ದರೆ ಅದು ಬಿಡದೆ ಒಂದು ತಗಡೇ ಹರಿದು ತೂತಾಗಿ, ಲೋಹದ ಗುಂಡಿ ಇನ್ನೊಂದರ ಮೇಲೆ ಉಳಿಯುತ್ತದೆ. ತೂತು ಬೀಳದೆ ಸಲೀಸಾಗಿ ಬೇರೆಯಾದರೆ ವಿದ್ಯಾರ್ಥಿ ಫೇಲು. ನಿಜವಾದ ಕಾರಿನಲ್ಲಿ ಇಂಥ ಬೆಸುಗೆ ಚುಕ್ಕೆಗಳು ಸಾವಿರಗಟ್ಟಲೆ ಇರುತ್ತವೆ.

ಬಣ್ಣದ ಕೋಣೆಯಲ್ಲಿ ರಸಾಯನ ವಿಜ್ಞಾನ ಕಾಯುತ್ತಿರುತ್ತದೆ. ಕಾರ್ಖಾನೆಯಿಂದ ಬಂದ ಕಾರಿನ ಮೇಲೆ ತುಕ್ಕು ತಡೆಯುವ ಪದರ, ಪ್ರೈಮರ್, ಬಣ್ಣ, ಪಾರದರ್ಶಕ ಕ್ಲಿಯರ್ ಕೋಟ್ ಎಲ್ಲ ಸೇರಿ ದಪ್ಪ ಸುಮಾರು 100ರಿಂದ 150 ಮೈಕ್ರಾನ್. ಮೆಟಾಲಿಕ್ ಬಣ್ಣದಲ್ಲಿ ಅಲ್ಯೂಮಿನಿಯಂನ ಸಣ್ಣ ಚಕ್ಕೆಗಳಿರುತ್ತವೆ. ಬಣ್ಣ ಊದುವ ಗನ್ನನ್ನು ಹತ್ತಿರ ಹಿಡಿದರೆ ಬಣ್ಣ ಒದ್ದೆಯಾಗಿ ಬಿದ್ದು ಚಕ್ಕೆಗಳು ಒಂದು ರೀತಿ ಮಲಗುತ್ತವೆ, ದೂರ ಹಿಡಿದರೆ ಇನ್ನೊಂದು ರೀತಿ. ಒಂದೇ ಡಬ್ಬದ ಬಣ್ಣ ಎರಡು ಬಾಗಿಲ ಮೇಲೆ ಎರಡು ಥರ ಕಾಣುವುದು ಇದರಿಂದಲೇ.

ಕ್ಲಿಯರ್ ಕೋಟ್ ಗಟ್ಟಿಯಾಗಲು ಬೆರೆಸುವ ಹಾರ್ಡನರ್‌ನಲ್ಲಿ ಐಸೊಸಯನೇಟ್‌ಗಳಿರುತ್ತವೆ. ಅವುಗಳ ತುಂತುರು ಶ್ವಾಸಕೋಶಕ್ಕೆ ಹೋದರೆ ಅಸ್ತಮಾ ಬರಬಹುದು. ಒಮ್ಮೆ ದೇಹ ಅದಕ್ಕೆ ಒಗ್ಗದಂತಾದರೆ ಮುಂದೆ ಅತ್ಯಲ್ಪ ಪ್ರಮಾಣವೂ ಉಬ್ಬಸ ತರಿಸುತ್ತದೆ. ಮೂಗಿಗೆ ಕರವಸ್ತ್ರ ಕಟ್ಟಿಕೊಂಡರೆ ಏನೂ ಪ್ರಯೋಜನವಿಲ್ಲ. ಹೊರಗಿನ ಶುದ್ಧ ಗಾಳಿಯನ್ನು ನಳಿಕೆಯಲ್ಲಿ ತರುವ ಮುಖವಾಡ ಬೇಕು. ಸೀಸ, ಕ್ರೋಮಿಯಂನಂಥ ಲೋಹಗಳಿರುವ ಬಣ್ಣ ಊದುವ ಗ್ಯಾರೇಜುಗಳಿಗೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2008ರಲ್ಲಿ ನಿಯಮ ತಂದು, ತರಬೇತಿ ಪಡೆದವರೇ ಗನ್ ಹಿಡಿಯಬೇಕು, ಐದು ವರ್ಷಕ್ಕೊಮ್ಮೆ ಮತ್ತೆ ಕಲಿಯಬೇಕು ಎಂದಿತು.

ಇತ್ತೀಚಿನ ಕಾರುಗಳ ಬಂಪರ್ ಹಿಂದೆ ರೇಡಾರ್ ಇರುತ್ತದೆ, ಗಾಜಿನ ಹಿಂದೆ ಕ್ಯಾಮೆರಾ. ಬ್ರಾಕೆಟ್ ಒಂದೇ ಒಂದು ಡಿಗ್ರಿ ಓರೆಯಾದರೂ 100 ಮೀಟರ್ ದೂರದಲ್ಲಿ ಅದರ ನೋಟ 1.75 ಮೀಟರ್ ತಪ್ಪುತ್ತದೆ. ಪಕ್ಕದ ಲೇನಿನ ಲಾರಿಯನ್ನು ಎದುರಿಗಿದೆ ಎಂದು ತಿಳಿಯಲು ಅಷ್ಟು ಸಾಕು. ಬಂಪರಿನ ಮೇಲೆ ದಪ್ಪಗೆ ಪುಟ್ಟಿ ಮೆತ್ತಿದರೂ ರೇಡಾರ್ ಅಲೆಗಳು ಮಂಕಾಗುತ್ತವೆ. ಹಾಗಾಗಿ ಸುತ್ತಿಗೆ ಹಿಡಿದ ವಿದ್ಯಾರ್ಥಿಯೇ ಲ್ಯಾಪ್‌ಟಾಪ್ ಹಿಡಿದು ಅವುಗಳ ನೋಟ ಸರಿಹೊಂದಿಸುವ ಕ್ಯಾಲಿಬ್ರೇಶನ್ ಮಾಡುವುದನ್ನೂ ಕಲಿಯಬೇಕು. ಕಲಿತದ್ದನ್ನು ಒರೆಗೆ ಹಚ್ಚಲು 1972ರಲ್ಲಿ ಹುಟ್ಟಿದ ಎಎಸ್‌ಇ ಸಂಸ್ಥೆಯ ಪರೀಕ್ಷೆಗಳಿವೆ. 1979ರಿಂದ ಐ-ಕಾರ್ ಸಂಸ್ಥೆ ಈ ಕ್ಷೇತ್ರಕ್ಕೇ ಪಠ್ಯ ರೂಪಿಸುತ್ತಿದೆ.

ಭಾರತದ ಐಟಿಐಗಳ ಪಟ್ಟಿಯಲ್ಲೂ ಆಟೊ ಬಾಡಿ ರಿಪೇರಿ ಮತ್ತು ಆಟೊ ಬಾಡಿ ಪೇಂಟಿಂಗ್ ಎಂಬ ಪ್ರತ್ಯೇಕ ಟ್ರೇಡುಗಳಿವೆ. ಬಿಡದಿಯಲ್ಲಿ 2007ರಲ್ಲಿ ಶುರುವಾದ ಟೊಯೊಟಾ ತಾಂತ್ರಿಕ ತರಬೇತಿ ಸಂಸ್ಥೆ ವೆಲ್ಡಿಂಗ್, ಪೇಂಟಿಂಗ್ ಕಲಿಸುತ್ತದೆಯಾದರೂ ಅದರ ಗುರಿ ಕಾರು ತಯಾರಿಕೆ. ಬೀದಿಬದಿಯ ಗ್ಯಾರೇಜುಗಳಲ್ಲಿ ಟಿಂಕರಿಂಗ್ ಕೆಲಸ ಹೆಚ್ಚಾಗಿ ಉಸ್ತಾದರ ಕೈಕೆಳಗೆ ನೋಡಿ ನೋಡಿ ಕಲಿತದ್ದು. ಅವರ ಕೈಚಳಕಕ್ಕೆ ಎಣೆಯಿಲ್ಲ. ಆದರೆ ಯಾವ ಕಂಬದಲ್ಲಿ ಯಾವ ಉಕ್ಕಿದೆ ಎಂಬುದನ್ನು ಕೈ ಹೇಳಲಾರದು. ಅದು ಕಂಪನಿಯ ಕೈಪಿಡಿಯಲ್ಲಿ ಮಾತ್ರ ಇರುತ್ತದೆ. 2023ರಲ್ಲಿ ಜಾರಿಗೆ ಬಂದ, ಕಾರುಗಳನ್ನು ಗುದ್ದಿಸಿ ಪರೀಕ್ಷಿಸುವ ಭಾರತ್ ಎನ್‌ಕ್ಯಾಪ್ ಕೊಡುವ ಸುರಕ್ಷತಾ ತಾರೆಗಳೂ ಕಾರ್ಖಾನೆಯಿಂದ ಬಂದ ಕಾರಿಗೆ ಸಲ್ಲುತ್ತವೆಯೇ ಹೊರತು ರಿಪೇರಿಯಾದ ಕಾರಿಗಲ್ಲ.

ನಿಮ್ಮ ಕಾರು ಗುದ್ದಿಸಿಕೊಂಡು ಗ್ಯಾರೇಜಿಗೆ ಹೋದರೆ ಬಣ್ಣ ಹೊಂದಿತೇ ಎಂದು ನೋಡುವುದಕ್ಕೆ ಮುಂಚೆ ಮೂರು ಪ್ರಶ್ನೆ ಕೇಳಿ. ಕಂಪನಿಯ ರಿಪೇರಿ ಕೈಪಿಡಿ ನೋಡಿದ್ದೀರಾ? ಬಾಗಿದ ಕಂಬ, ರೇಲ್‌ಗಳನ್ನು ಬದಲಾಯಿಸಿದಿರಾ ಅಥವಾ ಎಳೆದು ನೆಟ್ಟಗೆ ಮಾಡಿದಿರಾ? ಕ್ಯಾಮೆರಾ, ರೇಡಾರ್ ಇದ್ದರೆ ಕ್ಯಾಲಿಬ್ರೇಶನ್ ವರದಿ ಎಲ್ಲಿ? ಹಳೆಯ ಕಾರು ಕೊಳ್ಳುವವರು ಬಣ್ಣದ ದಪ್ಪ ಅಳೆಯುವ ಮೀಟರನ್ನು ನಾಲ್ಕೂ ಬಾಗಿಲ ಮೇಲೆ ಹಿಡಿಸಲಿ. ಮೂರು ಬಾಗಿಲಲ್ಲಿ 120 ಮೈಕ್ರಾನ್ ತೋರಿಸಿ ನಾಲ್ಕನೆಯದರಲ್ಲಿ 900 ತೋರಿಸಿದರೆ ಅಲ್ಲಿ ಪುಟ್ಟಿ ಇದೆ ಎಂದೇ ತಿಳಿದು, ರಿಪೇರಿಯ ದಾಖಲೆ ಕೇಳಿ ಪಡೆಯಲಿ.