ಜೋಳದ ಸೀಮೆಯ ಬಿಯರಿಗೆ ಗುಡ್ಡದ ಕಹಿ

ಬಿಯರಿಗೆ ಕಹಿ ಕೊಡುವುದು ಹಾಪ್ಸ್ ಬಳ್ಳಿಯ ಹೂವು. ಅದಕ್ಕೆ ತಂಪು ಹವೆ ಬೇಕು, ಬೇಸಿಗೆಯಲ್ಲಿ ಉದ್ದನೆಯ ಹಗಲು ಬೇಕು. ನಮ್ಮ ದೇಶದಲ್ಲಿ ಹಿಮಾಚಲದ ಲಾಹೌಲ್ ಕಣಿವೆಯಂಥ ಕಡೆ ಅಷ್ಟಿಷ್ಟು ಬೆಳೆದೀತು. ಗದಗ ಸೀಮೆಯ ಬಿಸಿಲಿಗೆ ಅದು ಒಗ್ಗದು. ಹಾಗಾದರೆ ಆ ಸೀಮೆಯ ಕೋಟುಮಚಗಿಯ ಎರೆಹೊಲದಲ್ಲಿ ಬೆಳೆದ ಹಿಂಗಾರಿ ಜೋಳದಿಂದ ಬಿಯರ್ ಮಾಡುವುದಾದರೆ ಕಹಿ ಎಲ್ಲಿಂದ ಬರಬೇಕು? ಗದಗ ದಾಟಿ ದಕ್ಷಿಣಕ್ಕೆ ಹೋದರೆ ಔಷಧಿ ಗಿಡಗಳ ಕಪ್ಪತ್ತಗುಡ್ಡವಿದೆ. ಉತ್ತರ ಅಲ್ಲಿದೆ ಎಂದು ನನ್ನ ನಂಬಿಕೆ.

ಹಾಪ್ಸ್ ಇಲ್ಲದ ಬಿಯರ್ ಹೊಸದೇನಲ್ಲ. 1516ರಲ್ಲಿ ಬವೇರಿಯಾದ ಅರಸರು ಬಾರ್ಲಿ, ಹಾಪ್ಸ್, ನೀರು ಇಷ್ಟರಿಂದಲೇ ಬಿಯರ್ ಆಗಬೇಕೆಂದು ಕಟ್ಟಳೆ ಮಾಡಿದರು. ಅದಕ್ಕೂ ಮುಂಚೆ ಯುರೋಪಿನ ಎಷ್ಟೋ ಊರುಗಳಲ್ಲಿ ಹಂಡೆಗೆ ಬೀಳುತ್ತಿದ್ದದ್ದು ಕಾಡುಸೊಪ್ಪೇ. ಇಥಿಯೋಪಿಯಾದ ಮನೆಗಳಲ್ಲಿ ತೆಲ್ಲ ಎಂಬ ಬಿಯರಿಗೆ ಇಂದಿಗೂ ಗೆಶೊ ಗಿಡದ ಎಲೆ ಹಾಕುತ್ತಾರೆ. ಮದ್ಯಕ್ಕೆ ಗಿಡಮೂಲಿಕೆ ಹಾಕುವ ರೂಢಿ ನಮ್ಮಲ್ಲೂ ಇತ್ತು. ಆರ್. ಶಾಮಶಾಸ್ತ್ರಿಗಳು ಮೈಸೂರಿನಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ ಅರ್ಥಶಾಸ್ತ್ರವನ್ನು ತೆಗೆದು ನೋಡಿ. ಸುರಾಧ್ಯಕ್ಷನ ಅಧ್ಯಾಯದಲ್ಲಿ ಮೈರೇಯ ಎಂಬ ಮದ್ಯಕ್ಕೆ ಮೇಷಶೃಂಗಿ ತೊಗಟೆಯ ಕಷಾಯ, ಬೆಲ್ಲ, ಹಿಪ್ಪಲಿ, ಮೆಣಸು ಸೇರಿಸುವ ವಿಧಾನವಿದೆ. ಮೇಷಶೃಂಗಿ ಎಂದರೆ ಮಧುನಾಶಿನಿ ಎನ್ನುವವರೇ ಹೆಚ್ಚು. ಅದರ ಎಲೆ ಅಗಿದು ನೋಡಿದ್ದೇನೆ. ಮೊದಲು ಹಸಿ ಕಹಿ. ಆಮೇಲೆ ಬಾಯಿಗೆ ಹಾಕಿಕೊಂಡ ಸಕ್ಕರೆ ಬರೀ ಮರಳು! ಬೆಲ್ಲದ ಜೊತೆಗೆ ಇಂಥ ಗಿಡವನ್ನು ಸೇರಿಸಿದವರ ನಾಲಿಗೆಯ ತಿಳಿವಳಿಕೆಗೆ ಕೈಮುಗಿಯಬೇಕು.

ಜೋಳದ ಬಿಯರನ್ನು ಆಫ್ರಿಕದವರು ತಲೆಮಾರುಗಳಿಂದ ಕುಡಿಯುತ್ತಿದ್ದಾರೆ. ಕಾಳು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ನುಚ್ಚು ಒಡೆದು ಬಿಸಿನೀರಿನಲ್ಲಿ ಹದಮಾಡಿದರೆ ಪಿಷ್ಟ ಸಕ್ಕರೆಯಾಗುತ್ತದೆ. ಬಾರ್ಲಿಗಿಂತ ಜೋಳದ ಪಿಷ್ಟಕ್ಕೆ ಹೆಚ್ಚು ಕಾವು ಬೇಕು. ಒಣಗಿದ ಮೇಲೆ ಮೊಳಕೆಯನ್ನೂ ಬೇರನ್ನೂ ಉಜ್ಜಿ ಉದುರಿಸಲೇಬೇಕು, ಅದರಲ್ಲಿ ಸಯನೈಡ್ ಹುಟ್ಟಿಸುವ ಅಂಶವಿದೆ. ಎಳೆ ಜೋಳದ ಬೆಳೆ ಮೇಯ್ದ ದನ ಕುಸಿದು ಬಿದ್ದದ್ದನ್ನು ಕಂಡ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಸೊಪ್ಪು, ಬೇರು. ಕಹಿಯದನ್ನು ಕುದಿಯ ಮೊದಲಿಗೆ, ಘಮದ್ದನ್ನು ಕೊನೆಗೆ ಹಾಕುವುದು ಬ್ರೂವರ್‌ಗಳ ಪದ್ಧತಿ. ನೆಲಬೇವು ಒಂದೆರಡು ಎಲೆಗೇ ಗಂಟಲು ಹಿಡಿಯುತ್ತದೆ, ಚಿಟಿಕೆ ಸಾಕು. ಅಮೃತಬಳ್ಳಿ ಬೇಡವೇ ಬೇಡ. ಕೊರೊನಾ ಕಾಲದಲ್ಲಿ ಅದನ್ನು ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಪೆಟ್ಟಾದದ್ದನ್ನು ಮುಂಬೈನ ವೈದ್ಯರು 2021ರಲ್ಲಿ ದಾಖಲಿಸಿದ್ದಾರೆ, ಮದ್ಯದ ಜೊತೆಗಂತೂ ಅದು ಕೂಡದು. ನನ್ನ ಮನಸ್ಸು ಇರುವುದು ಸೊಗದೆ ಬೇರಿನ ಮೇಲೆ. ಅದರ ಪಾನಕ ಕುಡಿದವರಿಗೆ ಗೊತ್ತು: ಮೂಗಿಗೆ ವೆನಿಲಾ, ನಾಲಿಗೆಗೆ ಮಳೆ ಬಿದ್ದ ನೆಲ. ಜೋಳದ ಒಣ ಹಿಟ್ಟಿನ ರುಚಿಗೆ ಅದಕ್ಕಿಂತ ಒಳ್ಳೆಯ ಜೊತೆ ನನಗೆ ತೋಚದು.

ಆದರೆ ಬೇರು ಕಿತ್ತರೆ ಗಿಡವೇ ಹೋಯಿತು. ಕಪ್ಪತ್ತಗುಡ್ಡ ಬಿಟ್ಟಿ ಸಿಕ್ಕಿದ್ದಲ್ಲ. 2011ರಲ್ಲಿ ಇದೇ ಜಿಲ್ಲೆಯ ಹಳ್ಳಿಗುಡಿ ಬಳಿ ಪೋಸ್ಕೊ ಉಕ್ಕಿನ ಕಾರ್ಖಾನೆ ಬರುವುದಿತ್ತು. ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳತ್ವದಲ್ಲಿ ರೈತರು ಎದ್ದು ನಿಂತ ಮೇಲೆ ಅದು ಹಿಂದೆ ಸರಿಯಿತು. ಗುಡ್ಡಕ್ಕೆ 2015ರಲ್ಲಿ ಸಿಕ್ಕ ಸಂರಕ್ಷಿತ ಪ್ರದೇಶದ ಪಟ್ಟವನ್ನು ಸರ್ಕಾರ ಮರುವರ್ಷವೇ ಕಿತ್ತುಕೊಂಡಿತು. ಮತ್ತೆ ಹೋರಾಟ. 2017ರಲ್ಲಿ ಪಟ್ಟ ಮರಳಿತು, 2019ರಲ್ಲಿ ಗುಡ್ಡ ವನ್ಯಜೀವಿಧಾಮವಾಯಿತು. ಈಗ ಅಲ್ಲಿ ಅನುಮತಿಯಿಲ್ಲದೆ ಗಿಡ ಕೀಳುವುದು ಅಪರಾಧ. ಹಾಗೇ ಇರಲಿ. ನಗರದ ಗ್ಲಾಸಿಗೆ ಘಮ ಬೇಕೆಂದು ಜನ ಹೋರಾಡಿ ಉಳಿಸಿಕೊಂಡ ಗುಡ್ಡವನ್ನು ಅಗೆಯುವುದಾದರೆ ಅಂಥ ಬಿಯರ್ ನನಗೆ ಬೇಡ.

ಸೊಗದೆಯನ್ನು ನರ್ಸರಿಯಲ್ಲಿ ಕಡ್ಡಿ ಊರಿ ಬೆಳೆಸಬಹುದು. ಜೋಳದ ಹೊಲದ ಬದುವಿನಲ್ಲಿ ಅದಕ್ಕೆ ಜಾಗವಿದೆ. ಬೇರು ಕೈಗೆ ಬರಲು ಎರಡು ವರ್ಷವಾದರೂ ಬೇಕು. ಪರವಾನಗಿ ಇರುವ ಯಾವುದಾದರೂ ಬ್ರೂವರಿ ಅಷ್ಟು ಕಾಲ ಕಾಯಲು ಒಪ್ಪಿ, ಜೋಳಕ್ಕೂ ಬೇರಿಗೂ ಮೊದಲೇ ದರ ಗೊತ್ತುಮಾಡಿ ಕೋಟುಮಚಗಿಯ ರೈತರೊಂದಿಗೆ ಕರಾರು ಮಾಡಿಕೊಳ್ಳಬೇಕು.