ಸಾಮಾಜಿಕ ಜಾಲತಾಣದಲ್ಲಿ ಉದ್ಯೋಗ ಪ್ರಕಟಣೆ: ವೇತನದ ಲೆಕ್ಕ ಸ್ಪಷ್ಟವಿರಲಿ

ಪೀಣ್ಯದಲ್ಲಾಗಲಿ, ಬೆಳಗಾವಿಯ ಉದ್ಯಮಬಾಗ್‌ನಲ್ಲಾಗಲಿ, ಸಣ್ಣ ಕೈಗಾರಿಕೆಗಳ ಮಾಲೀಕರಿಂದ ಬ್ಯಾಂಕ್ ಬಡ್ಡಿಯ ಮಾತಿನ ನಂತರ ಕೇಳಿಬರುವ ದೂರು ಒಂದೇ: ಕೆಲಸಕ್ಕೆ ಹುಡುಗರು ದೊರೆಯುತ್ತಿಲ್ಲ. ಗೇಟಿಗೆ ‘ಕೆಲಸಗಾರರು ಬೇಕಾಗಿದ್ದಾರೆ’ ಎಂಬ ಫಲಕ ತೂಗುಹಾಕಿ ಕಾಯುವ ಪದ್ಧತಿ ಇನ್ನೂ ಉಳಿದಿದೆ. ಐಟಿಐ, ಡಿಪ್ಲೊಮಾ ಮುಗಿಸಿದ ಯುವಜನರು ಫಲಕಕ್ಕಿಂತ ಮೊಬೈಲನ್ನೇ ಹೆಚ್ಚು ನೋಡುತ್ತಾರೆ ಎಂಬುದನ್ನು ಹೇಳಬೇಕಾಗಿಲ್ಲ.

ಡಿಪ್ಲೊಮಾ ಮತ್ತು ಇಂಜಿನಿಯರಿಂಗ್ ಪದವೀಧರರಿಗೆ ಲಿಂಕ್ಡ್‌ಇನ್ ಸೂಕ್ತ. ಫಿಟ್ಟರ್, ಟರ್ನರ್, ವೆಲ್ಡರ್‌ಗಳಿಗೆ ವಾಟ್ಸ್‌ಆಪ್ ಗುಂಪುಗಳು ಮತ್ತು ಇನ್‌ಸ್ಟಾಗ್ರಾಮ್ ಮೇಲು. ತಮ್ಮಲ್ಲಿ ಈಗಾಗಲೇ ಕೆಲಸ ಮಾಡುತ್ತಿರುವ ಯುವಕನಿಂದ ಅವನ ಸಹಪಾಠಿಗಳ ಗುಂಪಿಗೆ ಪ್ರಕಟಣೆ ಕಳುಹಿಸುವುದಕ್ಕೆ ಖರ್ಚೇ ಇಲ್ಲ. ಸಿಎನ್‌ಸಿ ಯಂತ್ರ ನಡೆಯುತ್ತಿರುವ ಅರ್ಧ ನಿಮಿಷದ ದೃಶ್ಯವನ್ನು ಸೇರಿಸಿದರೆ ಇನ್ನೂ ಒಳ್ಳೆಯದು. ಗ್ರಾಹಕರ ನಕ್ಷೆಗಳು ಮಾತ್ರ ಅದರಲ್ಲಿ ಕಾಣಿಸದಿರಲಿ.

ತೊಡಕು ಹುಟ್ಟುವುದು ವೇತನದ ಸಾಲಿನಲ್ಲಿ. ‘ಆಕರ್ಷಕ ಸಂಬಳ’ ಎಂದು ಬರೆದರೆ ಇಂದಿನ ಯುವಕರು ಅದನ್ನು ಕಡಿಮೆ ಸಂಬಳವೆಂದೇ ಓದುತ್ತಾರೆ. ಮೊತ್ತವನ್ನೇ ಬರೆದರೂ ಅದು ಯಾವ ಮೊತ್ತ? ಮಾಸಿಕ ವೇತನ 20,000 ರೂ. ಎಂದಿಟ್ಟುಕೊಳ್ಳೋಣ. ಭವಿಷ್ಯ ನಿಧಿಯ ವಂತಿಗೆಯನ್ನು 15,000 ರೂ. ವೇತನಕ್ಕೆ ಸೀಮಿತಗೊಳಿಸಿದರೆ ನೌಕರನ ಪಾಲು ಶೇ. 12ರಂತೆ 1,800 ರೂ.; ಇಎಸ್‌ಐ ಶೇ. 0.75ರಂತೆ 150 ರೂ. ಕೈಗೆ ಬರುವುದು 18,050 ರೂ. ಇತ್ತ ಮಾಲೀಕರು ಭವಿಷ್ಯ ನಿಧಿಗೆ ಆಡಳಿತ ಶುಲ್ಕ ಮತ್ತು ವಿಮೆ ಸೇರಿ 1,950 ರೂ., ಇಎಸ್‌ಐಗೆ ಶೇ. 3.25ರಂತೆ 650 ರೂ. ಭರಿಸುವುದರಿಂದ ಅವರ ವೆಚ್ಚ 22,600 ರೂ. ಪ್ರಕಟಣೆಯಲ್ಲಿ ದೊಡ್ಡ ಅಂಕಿಯನ್ನೇ ಕಾಣಿಸುವ ಆಸೆ ಸಹಜ. ಆದರೆ ಮೊದಲ ತಿಂಗಳ ಕೊನೆಯಲ್ಲಿ 4,550 ರೂ. ಕಡಿಮೆ ಪಡೆದ ಯುವಕ ತನ್ನ ಅಸಮಾಧಾನವನ್ನು ಅದೇ ಗುಂಪಿನಲ್ಲಿ ಬರೆಯುತ್ತಾನೆ. ಅವನ ಸಹಪಾಠಿಗಳೆಲ್ಲರೂ ಓದುತ್ತಾರೆ. ಮುಂದಿನ ನೇಮಕಾತಿ ಅಲ್ಲಿಗೇ ನಿಂತಂತೆ. ವೇತನ, ಕಡಿತ, ಕೈಗೆ ಬರುವ ಹಣ ಮೂರನ್ನೂ ಬರೆಯುವುದು ಲೇಸು. ಓವರ್‌ಟೈಮನ್ನು ಸಂಬಳದಲ್ಲಿ ಸೇರಿಸಿ ತೋರಿಸುವ ಅಭ್ಯಾಸವನ್ನಂತೂ ಬಿಡಲೇಬೇಕು.

ಜಾಲತಾಣದ ಬರಹವನ್ನು ಅಳಿಸಿದರೂ ಅದರ ಚಿತ್ರ ಅಭ್ಯರ್ಥಿಯ ಮೊಬೈಲಿನಲ್ಲಿ ಉಳಿದಿರುತ್ತದೆ. ವಿವಾದ ಉಂಟಾದಾಗ ಹೊರಬರುತ್ತದೆ. ‘ಪುರುಷರಿಗೆ ಮಾತ್ರ’ ಎಂದು ಯೋಚಿಸದೆ ಬರೆಯುವವರು, ಒಂದೇ ಬಗೆಯ ಕೆಲಸದ ನೇಮಕಾತಿಯಲ್ಲಿ ಲಿಂಗಭೇದ ಮಾಡುವುದನ್ನು 2019ರ ವೇತನ ಸಂಹಿತೆ ನಿಷೇಧಿಸಿದೆ ಎಂಬುದನ್ನು ಗಮನಿಸಬೇಕು. ‘ಟ್ರೈನಿ’ ಎಂದು ಕರೆದ ಮಾತ್ರಕ್ಕೆ ಭವಿಷ್ಯ ನಿಧಿಯ ಹೊಣೆ ತಾನಾಗಿಯೇ ತಪ್ಪುವುದಿಲ್ಲ. ನಿಜವಾದ ಶಿಶಿಕ್ಷುವಾದರೆ 1961ರ ಅಪ್ರೆಂಟಿಸ್ ಕಾಯ್ದೆಯನ್ವಯ ಒಪ್ಪಂದ ನೋಂದಣಿಯಾಗಬೇಕು.

ಉದ್ಯೋಗದ ಹೆಸರಿನಲ್ಲಿ ಠೇವಣಿ ಕೇಳುವ ವಂಚಕರು ಇದೇ ಜಾಲತಾಣಗಳಲ್ಲಿದ್ದಾರೆ. ಆದ್ದರಿಂದ ಸಂಸ್ಥೆಯ ಪೂರ್ಣ ವಿಳಾಸ, ಜಿಎಸ್‌ಟಿ ಸಂಖ್ಯೆ ಮತ್ತು ‘ಯಾವುದೇ ಶುಲ್ಕವಿಲ್ಲ’ ಎಂಬ ಸಾಲನ್ನು ಪ್ರಕಟಣೆಯಲ್ಲಿ ಸೇರಿಸಿದರೆ ಪೋಷಕರಿಗೂ ನಂಬಿಕೆ ಬರುತ್ತದೆ. ಆಧಾರ್ ಪ್ರತಿಯನ್ನು ಅರ್ಜಿಯ ಹಂತದಲ್ಲೇ ವಾಟ್ಸ್‌ಆಪ್ ಮೂಲಕ ತರಿಸಿಕೊಳ್ಳಬೇಕಾಗಿಲ್ಲ. ಆಯ್ಕೆಯಾದವರಿಂದ, ಸೇರುವ ದಿನ ಕಚೇರಿಯಲ್ಲಿ ಪಡೆದರೆ ಸಾಕು.